ಜೀವಕೋಶದ ಉಪವಾಸವೂ ಪಾರಣೆಯೂ

ನ್ಯಾಮತಿಯಿಂದ ಗೃಹಿಣಿಯೊಬ್ಬರು ಕಳೆದ ತಿಂಗಳು ನಮಗೆ ಒಂದು ಪತ್ರವನ್ನು ಬರೆದಿರುವರು. ಅವರ ಅತ್ತೆಯವರು ಏಕಾದಶಿಯನ್ನು ನಿಯಮದಿಂದ ಆಚರಿಸತಕ್ಕವರು. ಮಗನು ಕಾಲೇಜಿನಲ್ಲಿ ಓದತಕ್ಕವನು. ಮೊಬೈಲಿನಲ್ಲಿ ಬಂದ ಒಂದು ಬರೆಹವನ್ನು ಆ ಹುಡುಗನು ಅಜ್ಜಿಗೆ ಓದಿ ಹೇಳಿದನಂತೆ. ಏಕಾದಶಿಯ ಉಪವಾಸದಿಂದ ಶರೀರವು ತನ್ನೊಳಗಿನ ರೋಗಗಳನ್ನೆಲ್ಲ ತಾನೇ ತಿಂದುಹಾಕುವುದೆಂದು ಜಪಾನು ದೇಶದ ವಿಜ್ಞಾನಿಯೊಬ್ಬರು ಸಿದ್ಧಪಡಿಸಿ ನೊಬೆಲ್ ಪಾರಿತೋಷಕವನ್ನು ಪಡೆದರೆಂದು ಅದರಲ್ಲಿ ಬರೆದಿದ್ದಿತು. ಅಂದಿನಿಂದ ಅತ್ತೆಯವರು ತಿಂಗಳಿಗೆ ಎರಡು ಉಪವಾಸಗಳು ಸಾಲವೆಂದು ನಾಲ್ಕನ್ನು ಮಾಡತೊಡಗಿರುವರು. “ಇದು ನಿಜವೆ? ನಿಜವಾದರೆ ನಾನೂ ಮಾಡಬೇಕೆ?” ಎಂಬುದು ಆ ಗೃಹಿಣಿಯರ ಪ್ರಶ್ನೆ.

ಉತ್ತರವನ್ನು ಹೇಳುವುದಕ್ಕೆ ಮೊದಲು ನಮ್ಮದೊಂದು ತಪ್ಪನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಇದೇ ಬರೆಹವು ಎರಡು ವರ್ಷಗಳ ಹಿಂದೆ ನಮ್ಮ ಕೈಗೂ ಬಂದಿದ್ದಿತು. ನಾವು ಜಗಳೂರಿನಲ್ಲಿ ಉಪಾಧ್ಯಾಯರಾಗಿದ್ದಾಗ ನಮ್ಮೊಡನೆ ಗಣಿತವನ್ನು ಕಲಿಸುತ್ತಿದ್ದ ಮಿತ್ರರೊಬ್ಬರು ಈಗ ನಿವೃತ್ತರಾಗಿ ಹೊನ್ನಾಳಿಯಲ್ಲಿ ನೆಲೆಸಿರುವರು. ಅವರು ಚನ್ನಗಿರಿಗೆ ನಮ್ಮ ಮನೆಗೆ ಬಂದಿದ್ದಾಗ, ಹಿರಿಯರ ಆಚಾರಕ್ಕೆ ಪರದೇಶದ ಮುದ್ರೆಯು ಬಿದ್ದಿತೆಂಬ ಸಂತೋಷದಲ್ಲಿ, ಏನನ್ನೂ ವಿಚಾರಿಸದೆ ನಾವೇ ಅದನ್ನು ಅವರಿಗೆ ಓದಿ ಹೇಳಿದೆವು. ಸಂಸ್ಕೃತವನ್ನು ಬಲ್ಲವರ ಬಾಯಿಂದ ಬಂದ ಮಾತೆಂದು ಅವರು ನಂಬಿದರು. ಅವರಿಗೆ ಮಧುಮೇಹವಿದ್ದಿತು, ಸಕ್ಕರೆಯನ್ನು ಇಳಿಸುವ ಮಾತ್ರೆಗಳನ್ನು ದಿನವೂ ಸೇವಿಸುತ್ತಿದ್ದರು. ಮುಂದಿನ ಏಕಾದಶಿಯಂದು ನೀರನ್ನು ಮಾತ್ರ ಕುಡಿದು, ಮಾತ್ರೆಯನ್ನು ಮಾತ್ರ ಬಿಡದೆ ನುಂಗಿ, ಸಂಜೆಯ ಹೊತ್ತಿಗೆ ಬೆವತು, ನಡುಗಿ, ಮಾತು ತೊದಲಿ, ನಡುಮನೆಯಲ್ಲಿ ಕುಸಿದರು. ಸೊಸೆಯು ಬುದ್ಧಿವಂತೆ, ಎಚ್ಚರವು ಇನ್ನೂ ಇದ್ದಾಗಲೇ ಬೆಲ್ಲದ ನೀರನ್ನು ಕುಡಿಸಿ ಆಸ್ಪತ್ರೆಗೆ ಸಾಗಿಸಿದಳು. ಅವರು ಉಳಿದುಕೊಂಡರು. ಆ ರಾತ್ರಿ ಸುದ್ದಿಯನ್ನು ಕೇಳಿದಾಗ ನಮಗೆ ಉಂಟಾದ ಲಜ್ಜೆಯು ಈಗಲೂ ಆರಿಲ್ಲ. ನಾವು ಓದಿ ಹೇಳಿದ ವಿಷಯವು ವಾಸ್ತವವಾಗಿ ಏನೆಂಬುದನ್ನು ತಿಳಿಯಬೇಕೆಂದು ಆಮೇಲೆ ಓದತೊಡಗಿದೆವು. ಮೊದಲು ಮಾಡಬೇಕಾಗಿದ್ದುದನ್ನು ಕೊನೆಗೆ ಮಾಡಿದೆವು. ಆ ಓದಿನ ಸಾರವನ್ನೇ ಈ ತಿಂಗಳು ವಾಚಕರಿಗೆ ಒಪ್ಪಿಸುವೆವು.

ನಮ್ಮ ವೈಯಾಕರಣರು ಶರೀರವೆಂಬ ಶಬ್ದವನ್ನು ‘ಶೄ’ ಎಂಬ ಧಾತುವಿನಿಂದ ಸಾಧಿಸುವರು. ಶಿಥಿಲವಾಗುವುದು, ಸವೆಯುವುದು ಎಂದು ಅದರ ಅರ್ಥ. ಕ್ಷಣಕ್ಷಣಕ್ಕೂ ಸವೆಯತಕ್ಕದ್ದೇ ಶರೀರವು. ಆದರೆ ಸವೆಯುವ ವಸ್ತುವು ಅರುವತ್ತು ಎಂಬತ್ತು ವರ್ಷ ನಿಲ್ಲುವುದು ಹೇಗೆ? ಸವೆದುದನ್ನು ಒಳಗೊಳಗೇ ಕಿತ್ತು, ಅದರಿಂದಲೇ ಹೊಸದನ್ನು ಕಟ್ಟುತ್ತಿರುವುದರಿಂದ. ಪ್ರಾಯದ ಮನುಷ್ಯನ ದೇಹದಲ್ಲಿ ದಿನವೊಂದಕ್ಕೆ ಸುಮಾರು 200ರಿಂದ 300 ಗ್ರಾಮಿನಷ್ಟು ಸಸಾರಜನಕವು, ಅಂದರೆ ಪ್ರೋಟೀನು, ಹೊಸದಾಗಿ ಕಟ್ಟಲ್ಪಡುವುದು. ಅನ್ನ, ಬೇಳೆ, ಹಾಲುಗಳಿಂದ ನಮಗೆ ದೊರೆಯುವುದು ಸುಮಾರು 70 ಗ್ರಾಮು ಮಾತ್ರ. ಮಿಕ್ಕುದೆಲ್ಲವೂ ಹಳೆಯ ಪ್ರೋಟೀನನ್ನು ಕಳಚಿ ಪಡೆದ ಸಾಮಗ್ರಿಯಿಂದಲೇ ಆಗತಕ್ಕದ್ದು. ನಾವು ಉಣ್ಣುವ ಅನ್ನಕ್ಕಿಂತ ನಮ್ಮನ್ನು ನಾವೇ ಉಣ್ಣುವುದು ಹೆಚ್ಚೆಂದರೂ ತಪ್ಪಾಗಲಾರದು.

ಚನ್ನಗಿರಿಯ ನಮ್ಮ ಬೀದಿಯಲ್ಲಿ ಹೋದ ಬೇಸಿಗೆಯಲ್ಲಿ ಒಂದು ಹಳೆಯ ಹೆಂಚಿನ ಮನೆಯನ್ನು ಕೆಡವಿದರು. ಯಜಮಾನರು ಮನೆಯನ್ನು ಸುಮ್ಮನೆ ಉರುಳಿಸಲಿಲ್ಲ. ತೊಲೆಗಳನ್ನು ಬೇರೆ, ಬಾಗಿಲುವಾಡಗಳನ್ನು ಬೇರೆ, ಹೆಂಚುಗಳನ್ನು ಬೇರೆ, ಕಲ್ಲನ್ನು ಬೇರೆಯಾಗಿ ಇಳಿಸಿ ಅಂಗಳದಲ್ಲಿ ಜೋಡಿಸಿದರು. ಗೋಡೆಯ ಮಣ್ಣು ಕೂಡ ತೋಟಕ್ಕೆ ಹೋಯಿತು. ಆ ತೊಲೆಗಳೇ ಹೊಸ ಮನೆಯ ಅಟ್ಟಕ್ಕೆ ಬಂದುವು. ಜೀವಕೋಶದಲ್ಲಿ ನಡೆಯತಕ್ಕದ್ದೂ ಇದೇ. ಕಣ್ಣಿಗೆ ಕಾಣದಷ್ಟು ಸಣ್ಣದಾದ ಆ ಕೋಶವು ಒಂದು ಸಂಸಾರವೇ ಸರಿ. ಅಲ್ಲಿ ಒಲೆಗಳಿರುವುವು, ಉಗ್ರಾಣಗಳಿರುವುವು, ಹಳೆಯದನ್ನು ಕಳಚುವ ಸ್ಥಳವೂ ಉಂಟು.

ಕಳಚುವ ಆ ಸ್ಥಳವನ್ನು ಮೊದಲು ಗುರುತಿಸಿದವರು ಬೆಲ್ಜಿಯಮ್ ದೇಶದ ಕ್ರಿಶ್ಚಿಯನ್ ದ ದ್ಯೂವ್ ಎಂಬ ವಿದ್ವಾಂಸರು. ಅವರು ಹುಡುಕಲು ಹೊರಟಿದ್ದುದು ಬೇರೆ ವಿಷಯ. ಇಲಿಯ ಯಕೃತ್ತಿನಲ್ಲಿ ಇನ್ಸುಲಿನ್ ಎಂಬ ರಸವು ಹೇಗೆ ಕೆಲಸ ಮಾಡುವುದೆಂಬುದನ್ನು ಅವರು ಪರೀಕ್ಷಿಸುತ್ತಿದ್ದರು. ಆಗ ಜೀರ್ಣಿಸುವ ಕಿಣ್ವಗಳು ಕೋಶದೊಳಗೆ ಎಲ್ಲೆಂದರಲ್ಲಿ ಹರಡಿರದೆ ಸಣ್ಣ ಸಣ್ಣ ಚೀಲಗಳಲ್ಲಿ ಮುಚ್ಚಲ್ಪಟ್ಟಿರುವುದು ಕಂಡುಬಂದಿತು. ಈ ಚೀಲಗಳಿಗೆ 1955ರಲ್ಲಿ ಲೈಸೋಸೋಮ್ ಎಂದು ಹೆಸರಾಯಿತು. ಬಿಚ್ಚುವ ಕಾಯವೆಂಬುದು ಆ ಗ್ರೀಕು ಶಬ್ದದ ಅರ್ಥ. ಅದರ ಮೊದಲ ಭಾಗವು ಕೊಯ್ಯುವುದೆಂಬ ಅರ್ಥವುಳ್ಳ ನಮ್ಮ ‘ಲೂ’ ಧಾತುವಿನ ಬಂಧು. ಈ ಚೀಲದೊಳಗೆ ಸುಮಾರು 60 ಬಗೆಯ ಕಿಣ್ವಗಳಿರುವುವು. ಒಳಗಿನ ಹುಳಿಯು ಹೊರಗಿನದಕ್ಕಿಂತ ನೂರು ಮಡಿಗೂ ಮಿಕ್ಕಿರುವುದು. ಚೀಲವು ಒಡೆದರೆ ಮನೆಯನ್ನೇ ಸುಡಬಲ್ಲ ಬೆಂಕಿ ಅದು. ಒಡೆಯದೆ ಇದ್ದರೆ ಅಡಿಗೆಯ ಒಲೆ.

ಕೋಶವು ತನ್ನದೇ ಭಾಗಗಳನ್ನು ಈ ಚೀಲಕ್ಕೆ ಒಪ್ಪಿಸಿ ಕರಗಿಸುವುದನ್ನು ಕಂಡು ದ ದ್ಯೂವ್ ಅವರು 1963ರಲ್ಲಿ ಅದಕ್ಕೆ ಆಟೋಫೇಜಿ ಎಂದು ಹೆಸರಿಟ್ಟರು. ಅವರಿಗೆ 1974ರಲ್ಲಿ ನೊಬೆಲ್ ಪಾರಿತೋಷಕವು ಇನ್ನಿಬ್ಬರೊಡನೆ ದೊರೆಯಿತು. ಆಟೋಫೇಜಿಯನ್ನು ನಾವು ಸ್ವಭಕ್ಷಣವೆನ್ನಬಹುದು. ಆದರೆ ಇಲ್ಲೊಂದು ಸ್ವಾರಸ್ಯವಿರುವುದು. ತಿನ್ನುವುದೆಂಬ ಅರ್ಥದ ಆ ಗ್ರೀಕು ಶಬ್ದವು ಸಂಸ್ಕೃತದ ‘ಭಜ್’ ಧಾತುವಿಗೆ ಸೋದರವಾದುದು. ಭಾಗ, ವಿಭಾಗ, ಭಕ್ತಿ ಎಂಬ ಶಬ್ದಗಳೆಲ್ಲ ಹುಟ್ಟಿದುದು ಅದರಿಂದಲೇ. ಹಂಚುವುದೆಂಬುದು ಅದರ ಮೂಲಾರ್ಥ. ತನ್ನನ್ನು ತಾನು ತಿನ್ನುವುದೆಂದರೆ ರಾಕ್ಷಸಕೃತ್ಯದಂತೆ ಕೇಳುವುದು. ತನ್ನನ್ನು ತಾನು ಹಂಚಿಕೊಳ್ಳುವುದೆಂದರೆ ಗೃಹಸ್ಥಧರ್ಮದಂತೆ ಕೇಳುವುದು. ಕೋಶದಲ್ಲಿ ನಡೆಯುವುದಕ್ಕೆ ಎರಡನೆಯ ಅರ್ಥವೇ ಹೆಚ್ಚು ಒಪ್ಪುವುದು.

ಹೆಸರೇನೋ ಬಂದಿತು, ಕೆಲಸವು ನಡೆಯುವ ಕ್ರಮವು ಮಾತ್ರ ಬಹುಕಾಲ ತಿಳಿಯಲಿಲ್ಲ. ಅದನ್ನು ಬಿಡಿಸಿದವರೇ ಮೊಬೈಲಿನ ಬರೆಹದಲ್ಲಿ ಬಂದಿರುವ ಜಪಾನಿನ ವಿಜ್ಞಾನಿ, ಯೋಶಿನೋರಿ ಓಸುಮಿಯವರು. ಅವರು 1988ರಲ್ಲಿ, ತಮ್ಮ ನಲವತ್ತಮೂರನೆಯ ವಯಸ್ಸಿನಲ್ಲಿ, ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಒಂದು ಸಣ್ಣ ಪ್ರಯೋಗಶಾಲೆಯನ್ನು ಆರಂಭಿಸಿದರು. ಅವರು ಪರೀಕ್ಷಿಸಿದುದು ಮನುಷ್ಯರನ್ನಲ್ಲ, ವ್ರತಸ್ಥರನ್ನಲ್ಲ. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟನ್ನು. ಈ ಏಕಕೋಶಜೀವಿಯಲ್ಲಿ ಲೈಸೋಸೋಮಿನ ಕೆಲಸವನ್ನು ಮಾಡುವ ಒಂದು ದೊಡ್ಡ ಚೀಲವಿರುವುದು. ಅದರಲ್ಲಿನ ಜೀರ್ಣಕಿಣ್ವಗಳಿಲ್ಲದ ಯೀಸ್ಟನ್ನು ಆರಿಸಿ, ಅದಕ್ಕೆ ಆಹಾರವನ್ನು ನಿಲ್ಲಿಸಿ, ಅವರು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೆಲವು ಗಂಟೆಗಳಲ್ಲಿ ಚೀಲದ ತುಂಬ ಸಣ್ಣ ಗುಳಿಗೆಗಳು ಕುಣಿದಾಡುತ್ತಿದ್ದುವು. ಕರಗಿಸುವ ರಸವಿಲ್ಲದುದರಿಂದ, ಕರಗಬೇಕೆಂದು ಬಂದ ಸಾಮಾನು ಹಾಗೆಯೇ ನಿಂತಿದ್ದಿತು. ಒಲೆಯನ್ನು ಆರಿಸಿದಾಗಲೇ ಒಲೆಗೆ ಬರುವ ಸೌದೆ ಎಷ್ಟೆಂಬುದು ಲೆಕ್ಕಕ್ಕೆ ಸಿಕ್ಕಿದಂತಾಯಿತು. ಆಮೇಲೆ ಈ ಕೆಲಸಕ್ಕೆ ಬೇಕಾಗುವ 15 ಜೀನುಗಳನ್ನು 1993ರಲ್ಲಿ ಪ್ರಕಟಿಸಿದರು. ಮನುಷ್ಯನ ಕೋಶದಲ್ಲಿಯೂ ಅವುಗಳ ಸೋದರರಿರುವುದು ಕಂಡುಬಂದಿತು. ಈ ಕ್ರಮವನ್ನು ಬಿಡಿಸಿದುದಕ್ಕಾಗಿ 2016ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಬಂದಿತು. ಏಕಾದಶಿಗಾಗಿ ಅಲ್ಲ.

ಆ ಕ್ರಮವು ಹೀಗಿರುವುದು. ಕೋಶದಲ್ಲಿ ಹಳತಾದ ಭಾಗವೊಂದರ ಸುತ್ತ ಎರಡು ಪದರದ ತೆಳುವಾದ ಪೊರೆಯು ಬಟ್ಟಲಿನಂತೆ ಹುಟ್ಟಿ, ಬೆಳೆದು, ಬಾಯಿ ಮುಚ್ಚಿ ಗಂಟಾಗುವುದು. ಈ ಗಂಟು ಸಾಗಿಹೋಗಿ ಲೈಸೋಸೋಮಿನೊಡನೆ ಕೂಡಿಕೊಳ್ಳುವುದು. ಒಳಗಿದ್ದ ಸಾಮಾನು ಕಿಣ್ವಗಳಿಂದ ಕರಗಿ, ಪ್ರೋಟೀನು ಅಮೈನೋ ಆಮ್ಲಗಳಾಗಿ, ಕೊಬ್ಬು ತನ್ನ ಘಟಕಗಳಾಗಿ ಹೊರಕ್ಕೆ ಬರುವುದು. ಅವುಗಳಿಂದ ಕೋಶವು ಹೊಸದನ್ನು ಕಟ್ಟುವುದು, ಇಲ್ಲವೆ ಉರಿಸಿ ಶಕ್ತಿಯನ್ನು ಪಡೆಯುವುದು. ನಮ್ಮ ಕಡೆಯ ಅಡಿಕೆ ಬೆಳೆಗಾರರಲ್ಲಿ ಕೆಲವರು ಸಿಪ್ಪೆಯನ್ನು ರಸ್ತೆಯ ಬದಿಗೆ ಸುರಿದು ಬೆಂಕಿಯಿಡುವರು. ಬಲ್ಲವರು ಅದನ್ನು ಕೊಳೆಯಿಸಿ ಮರದ ಬುಡಕ್ಕೇ ಹಿಂದಿರುಗಿಸುವರು. ಕೋಶವು ಬಲ್ಲವರ ಪಂಗಡಕ್ಕೆ ಸೇರಿದುದು.

ಆಹಾರವು ಸಾಲದಾದಾಗ ಈ ಕೆಲಸವು ಹೆಚ್ಚುವುದು ನಿಜ. ಜಗಳೂರಿನ ಬರಗಾಲವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆ ಹೋದ ವರ್ಷ ಅಲ್ಲಿನ ಗೃಹಿಣಿಯು ಹಳೆಯ ಸೀರೆಯನ್ನು ಕೌದಿಯಾಗಿ ಹೊಲಿಯುವಳು; ಮುರಿದ ಬಂಡಿಯ ಮರವು ಬಾಗಿಲಿಗೆ ಬರುವುದು; ಮೂಲೆಯಲ್ಲಿ ಬಿದ್ದಿದ್ದುದೆಲ್ಲ ಉಪಯೋಗಕ್ಕೆ ಒದಗುವುದು. ಹುಟ್ಟಿದ ಕ್ಷಣದಲ್ಲಿ ಪ್ರತಿಯೊಂದು ಶಿಶುವೂ ಇಂಥ ಒಂದು ಚಿಕ್ಕ ಬರಗಾಲವನ್ನು ದಾಟಬೇಕಾಗಿರುವುದು. ಹೊಕ್ಕುಳಬಳ್ಳಿಯ ಪೋಷಣೆಯು ನಿಂತಿರುವುದು, ತಾಯಿಯ ಹಾಲು ಇನ್ನೂ ಸರಿಯಾಗಿ ಇಳಿದಿರುವುದಿಲ್ಲ. ಸ್ವಭಕ್ಷಣದ ಜೀನು ಇಲ್ಲದ ಇಲಿಮರಿಗಳು ಹುಟ್ಟಿದ ಒಂದು ದಿನದೊಳಗೆ ಸತ್ತುಹೋಗುವುವೆಂದು ಜಪಾನಿನ ವಿಜ್ಞಾನಿಗಳು 2004ರಲ್ಲಿ ತೋರಿಸಿದರು.

ಆದರೆ ಬರಗಾಲವಿದ್ದಾಗ ಮಾತ್ರ ಇದು ನಡೆಯುವುದೆಂದು ತಿಳಿಯುವುದು ತಪ್ಪು. ಸುಭಿಕ್ಷದಲ್ಲಿಯೂ ಕಸವನ್ನು ಗುಡಿಸಲೇಬೇಕಷ್ಟೆ! ಹೊಟ್ಟೆ ತುಂಬ ಉಂಡ ದಿನವೂ ಕೋಶದಲ್ಲಿ ಈ ಕೆಲಸವು ಸಣ್ಣ ಪ್ರಮಾಣದಲ್ಲಿ ನಡೆದೇ ಇರುವುದು. ನರಕೋಶಗಳಿಗಂತೂ ಇದು ಅತ್ಯವಶ್ಯ. ಅವುಗಳಲ್ಲಿ ಬಹುಭಾಗವು ಹೊಸದಾಗಿ ಹುಟ್ಟದೆ ನಮ್ಮೊಡನೆಯೇ ಮುಪ್ಪಾಗುವುವು. ನರಕೋಶಗಳಲ್ಲಿ ಮಾತ್ರ ಸ್ವಭಕ್ಷಣವನ್ನು ನಿಲ್ಲಿಸಿದ ಇಲಿಗಳನ್ನು 2006ರಲ್ಲಿ ಪರೀಕ್ಷಿಸಿದರು. ಅವು ಚೆನ್ನಾಗಿ ಉಂಡರೂ ಮೆದುಳಿನಲ್ಲಿ ಕೆಟ್ಟ ಪ್ರೋಟೀನು ಗಂಟುಗಟ್ಟಿ, ನಡಿಗೆ ಕೆಟ್ಟು, ಕ್ಷೀಣಿಸಿದುವು.

ನಮ್ಮ ಹಿರಿಯರು ಕಂಪವಾತವೆಂದು ಕರೆಯುತ್ತಿದ್ದ ಲಕ್ಷಣಗಳುಳ್ಳ ಪಾರ್ಕಿನ್ಸನ್ ರೋಗದಲ್ಲಿಯೂ ಇಂಥ ಗಂಟುಗಳು ಕಂಡುಬರುವುವು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿ ರವಿ ಮಂಜಿತ್ತಾಯರೆಂಬ ವಿಜ್ಞಾನಿಗಳ ತಂಡವು ಇದೇ ಸ್ವಭಕ್ಷಣವನ್ನು ಕುರಿತು ಕೆಲಸ ಮಾಡುತ್ತಿರುವುದು ನಮ್ಮ ನಾಡಿಗೆ ಹೆಮ್ಮೆಯ ವಿಷಯ. ಅವರೂ ಯೀಸ್ಟನ್ನೇ ಉಪಯೋಗಿಸಿ, ಸ್ವಭಕ್ಷಣವನ್ನು ಚುರುಕುಗೊಳಿಸುವ ಸಣ್ಣ ರಾಸಾಯನಿಕಗಳನ್ನು ಹುಡುಕಿದರು. ಹಾಗೆ ದೊರೆತ ಒಂದು ವಸ್ತುವು ಪಾರ್ಕಿನ್ಸನ್ ಲಕ್ಷಣಗಳನ್ನು ಉಂಟುಮಾಡಿದ ಇಲಿಗಳ ಮೆದುಳಿನಲ್ಲಿ ಹಾನಿಯನ್ನು ತಗ್ಗಿಸಿತೆಂದು 2017ರಲ್ಲಿ ಪ್ರಕಟಿಸಿದರು. ಇಲಿಯ ಔಷಧವು ಮನುಷ್ಯನ ಔಷಧವಾಗುವುದಕ್ಕೆ ದಾರಿಯು ಬಹು ಉದ್ದವಾದುದು. ಆದರೂ ಗಮನಿಸತಕ್ಕದ್ದೇನೆಂದರೆ, ಬಲ್ಲವರು ವರ್ಷಗಟ್ಟಲೆ ದುಡಿದು “ಇಲಿಗಳಲ್ಲಿ ಹೀಗೆ ಕಂಡಿತು” ಎಂದಷ್ಟೇ ಹೇಳುವರು. ಮೊಬೈಲಿನ ಬರೆಹವು ಒಂದೇ ಸಾಲಿನಲ್ಲಿ ಎಲ್ಲ ರೋಗಗಳನ್ನೂ ಗುಣಪಡಿಸಿಬಿಡುವುದು!

ಈಗ ಮುಖ್ಯವಾದ ಮಾತಿಗೆ ಬರುವೆವು. ಎಲ್ಲವನ್ನೂ ಕರಗಿಸುವ ಲೈಸೋಸೋಮಿನ ಗತಿಯೇನು? ಗಂಟುಗಳೊಡನೆ ಕೂಡಿ ಕೂಡಿ ಅದೇ ಮುಗಿದುಹೋಗುವುದಿಲ್ಲವೆ? ಹಸಿವು ತೀವ್ರವಾದಾಗ ಕೋಶದಲ್ಲಿನ ಲೈಸೋಸೋಮುಗಳು ಬಹುಮಟ್ಟಿಗೆ ಈ ಕೆಲಸಕ್ಕೆ ತೊಡಗಿ, ಬಿಡಿಯಾದ ಲೈಸೋಸೋಮುಗಳು ವಿರಳವಾಗುವುದು ನಿಜ. ಮುಂದೇನಾಗುವುದೆಂಬುದನ್ನು ಲೀ ಯೂ, ಮೈಕೇಲ್ ಲೆನಾರ್ಡೋ ಮೊದಲಾದವರು 2010ರಲ್ಲಿ ಕಂಡುಹಿಡಿದರು. ಕರಗಿಸುವ ಕೆಲಸವು ಒಂದು ಹಂತಕ್ಕೆ ಬಂದ ಮೇಲೆ, ಆ ದೊಡ್ಡ ಚೀಲದಿಂದ ಸಣ್ಣ ಕೊಳವೆಗಳು ಚಿಗುರಿನಂತೆ ಹೊರಡುವುವು. ಕೊಳವೆಯ ತುದಿಯು ತುಂಡಾಗಿ ಬೀಳುವುದು. ಮೊದಮೊದಲು ಅದರಲ್ಲಿ ಹುಳಿಯೂ ಇಲ್ಲ, ಕಿಣ್ವವೂ ಇಲ್ಲ. ಕ್ರಮೇಣ ಎರಡೂ ಕೂಡಿ ಅದು ಹೊಸ ಲೈಸೋಸೋಮ್ ಆಗುವುದು.

ನಮ್ಮ ಮನೆಯ ಹೆಂಗಸರು ಇದನ್ನು ದಿನವೂ ಮಾಡುತ್ತಿರುವರು. ಮೊಸರನ್ನೆಲ್ಲ ಬಡಿಸಿಬಿಡದೆ ಒಂದು ಚಮಚದಷ್ಟನ್ನು ಹೆಪ್ಪಿಗೆಂದು ಎತ್ತಿಡುವರು. ಅದನ್ನು ಮರೆತರೆ ಮರುದಿನ ನೆರೆಮನೆಯ ಬಾಗಿಲಿಗೆ ಬಟ್ಟಲನ್ನು ಹಿಡಿದು ಹೋಗಬೇಕು. ಕೋಶವು ಹೆಪ್ಪನ್ನು ಮರೆಯುವುದಿಲ್ಲ.

ಇಲ್ಲಿ ನಮ್ಮ ಮನಸ್ಸಿಗೆ ನಾಟಿದ ಸಂಗತಿಯೊಂದುಂಟು. ಹೆಪ್ಪನ್ನು ಎತ್ತಿಡುವ ಕಾಲವು ಬಂದಿತೆಂದು ಕೋಶಕ್ಕೆ ತಿಳಿಸುವರಾರು? ಲೈಸೋಸೋಮಿನ ಮೇಲ್ಮೈಯಲ್ಲಿ ಎಂಟಾರ್ ಎಂಬ ಒಂದು ಪ್ರೋಟೀನು, ಮನೆಯ ಯಜಮಾನನಂತೆ, ಉಗ್ರಾಣದಲ್ಲಿ ಎಷ್ಟಿದೆಯೆಂಬುದನ್ನು ನೋಡುತ್ತಿರುವುದು. ಆಹಾರವು ಸಾಲದಾದಾಗ ಅದು ಸುಮ್ಮನಾಗುವುದು, ಸ್ವಭಕ್ಷಣವು ಮೊದಲಾಗುವುದು. ಕರಗಿದ ಸಾಮಾನಿನಿಂದ ಅಮೈನೋ ಆಮ್ಲಗಳು ಹೊರಬಂದು ಉಗ್ರಾಣವು ಸ್ವಲ್ಪ ತುಂಬಿದೊಡನೆ ಅದು ಪುನಃ ಎಚ್ಚರಗೊಂಡು, ಸ್ವಭಕ್ಷಣವನ್ನು ತಡೆದು, ಹೊಸ ಲೈಸೋಸೋಮುಗಳ ರಚನೆಗೆ ಅಪ್ಪಣೆ ಕೊಡುವುದು. ಅಂದರೆ ಕರಗಿಸುವುದು ಎಷ್ಟು ಅವಶ್ಯವೋ, ಅದನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸುವುದೂ ಅಷ್ಟೇ ಅವಶ್ಯ. ಏಕಾದಶಿಯನ್ನು ವಿಧಿಸಿದ ನಮ್ಮ ಹಿರಿಯರು ದ್ವಾದಶಿಯ ಪಾರಣೆಯನ್ನೂ ವಿಧಿಸಿದರು. ಹೊತ್ತು ಮೀರಿ ಪಾರಣೆ ಮಾಡುವುದು ವ್ರತಕ್ಕೆ ಲೋಪವೆಂದರು. ಇದು ಉಪಮೆಯೇ ಹೊರತು ಪ್ರಮಾಣವಲ್ಲವೆಂಬುದನ್ನು ನಾವು ಈಗ ಚೆನ್ನಾಗಿ ಬಲ್ಲೆವು. ಆದರೂ ಉಪವಾಸವನ್ನು ನೆನೆದು ಪಾರಣೆಯನ್ನು ಮರೆತವನು ವ್ರತವನ್ನೂ ಅರಿತಿಲ್ಲ, ಕೋಶವನ್ನೂ ಅರಿತಿಲ್ಲ.

ಈ ನವೀಕರಣವು ತಪ್ಪಿದರೆ ಒದಗುವ ಕಷ್ಟವು ಸಾಮಾನ್ಯವಾದುದಲ್ಲ. ಹೊಸ ಲೈಸೋಸೋಮುಗಳನ್ನು ರಚಿಸಲು ಬೇಕಾದ ಎರಡು ಪ್ರೋಟೀನುಗಳಲ್ಲಿ ದೋಷವಿದ್ದರೆ, ವಂಶಪಾರಂಪರ್ಯವಾದ ಒಂದು ರೋಗದಲ್ಲಿ ಎಳೆಯ ವಯಸ್ಸಿನಲ್ಲಿಯೇ ಕಾಲುಗಳು ಬಿಗಿದು ನಡಿಗೆ ಕುಂದುವುದು. ಲೈಸೋಸೋಮಿನ ಕಿಣ್ವಗಳಲ್ಲಿ ಒಂದೇ ಒಂದು ಇಲ್ಲದಿದ್ದರೂ, ಕರಗದೆ ಉಳಿದ ವಸ್ತುವು ಚೀಲದಲ್ಲಿ ತುಂಬುತ್ತ ಹೋಗುವುದು. ನಮ್ಮ ತಾಲ್ಲೂಕಿನ ಸೂಳೆಕೆರೆಯ ಏರಿ ಎಷ್ಟೇ ಭದ್ರವಾಗಿದ್ದರೂ ಹೂಳು ತುಂಬಿದಷ್ಟೂ ನೀರಿಗೆ ಸ್ಥಳವು ಕಡಿಮೆಯಾಗುವುದಲ್ಲವೆ? ಹಾಗೆಯೇ ಇದೂ. ಗೋಷೆ ಎಂಬ ರೋಗದಲ್ಲಿ ಮಕ್ಕಳ ಗುಲ್ಮವೂ ಯಕೃತ್ತೂ ಹೀಗೆ ತುಂಬಿ ಹೊಟ್ಟೆಯು ಉಬ್ಬುವುದು. ತಂದೆತಾಯಿಗಳಿಬ್ಬರೂ ದೋಷವುಳ್ಳ ಜೀನನ್ನು ಹೊತ್ತಿದ್ದಾಗ ಇದು ಮಗುವಿಗೆ ಬರುವುದು. ಸೋದರಮಾವ, ಅತ್ತೆಯ ಮಗ ಎಂದು ಹತ್ತಿರದ ರಕ್ತಸಂಬಂಧದಲ್ಲಿ ಮದುವೆ ಮಾಡುವ ಮನೆತನಗಳಲ್ಲಿ ಅಂಥ ಸಂಭವವು ಹೆಚ್ಚು. ಮಗುವಿನ ಹೊಟ್ಟೆಯು ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದರೆ ದೃಷ್ಟಿಯೆಂದು ನಿವಾಳಿಸಿ ಸುಮ್ಮನಿರಬಾರದು. ಇಂಥ ವಿರಳ ರೋಗಗಳಿಗಾಗಿ 2021ರ ರಾಷ್ಟ್ರೀಯ ನೀತಿಯ ಮೇರೆಗೆ ಗೊತ್ತುಮಾಡಿದ ಕೇಂದ್ರಗಳಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳು ಕೂಡಿದ ಕೇಂದ್ರವೂ ಒಂದಾಗಿರುವುದು.

ಇನ್ನು ನ್ಯಾಮತಿಯ ಸೋದರಿಯವರಿಗೆ ನಮ್ಮ ಉತ್ತರ. ಉಪವಾಸವಿದ್ದಾಗ ಕೋಶಗಳಲ್ಲಿ ಸ್ವಭಕ್ಷಣವು ಹೆಚ್ಚುವುದೆಂಬುದು ಯೀಸ್ಟಿನಲ್ಲಿಯೂ ಇಲಿಗಳಲ್ಲಿಯೂ ಚೆನ್ನಾಗಿ ಕಂಡುಬಂದಿರುವುದು. ಇಷ್ಟು ಗಂಟೆ ಹಸಿದರೆ ಮನುಷ್ಯನಿಗೆ ಇಂಥ ರೋಗವು ಹೋಗುವುದೆಂದು ಮಾತ್ರ ಓಸುಮಿಯವರ ಸಂಶೋಧನೆಯಲ್ಲಿ ಎಲ್ಲಿಯೂ ಇಲ್ಲ. ಉಪವಾಸವು ಅರ್ಬುದರೋಗದ ಕೋಶಗಳನ್ನು ತಿನ್ನಿಸಿಬಿಡುವುದೆಂಬ ಮಾತಂತೂ ಅಪಾಯಕರವಾದುದು. ಒಮ್ಮೆ ಬೆಳೆದುನಿಂತ ಗಡ್ಡೆಯ ಕೋಶಗಳು ಇದೇ ಸ್ವಭಕ್ಷಣದಿಂದ ಬಲವನ್ನು ಪಡೆದು ಉಳಿಯುವುದೂ ಉಂಟು. ಇಲಿಗಳನ್ನು ಓಡಿಸಿದರೂ ಸ್ವಭಕ್ಷಣವು ಹೆಚ್ಚುವುದೆಂದು 2012ರಲ್ಲಿ ತಿಳಿದುಬಂದಿರುವುದು. ಆದುದರಿಂದ ದಿನವೂ ನಡೆಯುವುದೂ ಮೈಬಗ್ಗಿಸಿ ಕೆಲಸ ಮಾಡುವುದೂ ವ್ಯರ್ಥವಲ್ಲ.

ಆರೋಗ್ಯವಂತರು ತಮ್ಮ ಶ್ರದ್ಧೆಯಂತೆ ಉಪವಾಸ ಮಾಡುವುದಕ್ಕೆ ನಮ್ಮ ಆಕ್ಷೇಪಣೆಯಿಲ್ಲ, ನಾವೂ ಮಾಡುವೆವು. ಆದರೆ ಮಧುಮೇಹಕ್ಕೆ ಮಾತ್ರೆಯನ್ನಾಗಲಿ ಇನ್ಸುಲಿನ್ನನ್ನಾಗಲಿ ತೆಗೆದುಕೊಳ್ಳುವವರು, ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು, ಮೈಯಿಳಿದ ವೃದ್ಧರು, ಇವರು ವೈದ್ಯರನ್ನು ಕೇಳದೆ ಉಪವಾಸ ಮಾಡಕೂಡದು. ಅತ್ತೆಯವರ ಮಾತ್ರೆಯ ಚೀಟಿಯನ್ನು ವೈದ್ಯರಿಗೆ ತೋರಿಸಿ, ನಾಲ್ಕು ಉಪವಾಸಗಳ ವಿಷಯವನ್ನು ಮರೆಮಾಚದೆ ಹೇಳಿರಿ. ಮಧುಮೇಹವುಳ್ಳವರು ಹಸಿದಿರುವಾಗ ಬೆವರು, ನಡುಕ, ತೊದಲು, ಮಂಕು ಕಂಡರೆ ತಡಮಾಡದೆ ಸಕ್ಕರೆಯ ಅಥವಾ ಬೆಲ್ಲದ ನೀರನ್ನು ಕುಡಿಸಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೆ ಆಸ್ಪತ್ರೆಗೆ ಸಾಗಿಸಿರಿ.

ಹೊನ್ನಾಳಿಯ ಮಿತ್ರರನ್ನು ನಾವು ಕಳೆದ ವಾರ ನೋಡಿ ಬಂದೆವು. ವೈದ್ಯರ ಅಪ್ಪಣೆಯಂತೆ ಅವರು ಈಗ ಏಕಾದಶಿಯಂದೂ ಹೊತ್ತುಹೊತ್ತಿಗೆ ಮಿತವಾಗಿ ಉಣ್ಣುವರು. ವ್ರತವು ತಪ್ಪಿತೆಂಬ ಕೊರಗು ಅವರಲ್ಲಿ ಸ್ವಲ್ಪ ಉಳಿದಿದ್ದಿತು. ಉಪವಾಸವೆಂಬ ಶಬ್ದದಲ್ಲಿ ಹಸಿವೆಂಬ ಅರ್ಥವೇ ಇಲ್ಲ. ‘ಉಪ’ ಎಂದರೆ ಸಮೀಪ, ‘ವಾಸ’ ಎಂದರೆ ಇರುವುದು, ದೇವರ ಸಮೀಪದಲ್ಲಿ ಇರುವುದೇ ಉಪವಾಸವೆಂದು ನಾವು ಹೇಳಿದೆವು. ಅವರು ನಕ್ಕು, “ಈ ಅರ್ಥವನ್ನು ಎರಡು ವರ್ಷಗಳ ಹಿಂದೆಯೇ ಹೇಳಿದ್ದರೆ ನನ್ನ ಸೊಸೆಗೆ ಅಷ್ಟು ಗಾಬರಿಯಾಗುತ್ತಿರಲಿಲ್ಲ” ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅಷ್ಟರಲ್ಲಿ ಸೊಸೆಯು ಬಂದು ಊಟಕ್ಕೆ ಹೊತ್ತಾಯಿತೆಂದು ಅವರನ್ನು ಎಬ್ಬಿಸಿದಳು. ನಮಗೂ ಎಲೆ ಹಾಕಿದ್ದಿತು.